ಮುಂದಿನ ಚಕ್ರದ ಗಾಳಿ

ಗೇರೊಲ್ಫ್ ಒಮ್ಮೆ ಆಕಾಶದಲ್ಲಿ ಹೋಗುತ್ತಿದ್ದ ವಿಮಾನವನ್ನು ನೋಡಿ, ಅದರ ಎಡಗಡೆಯ ಟೈರಿಗೆ ಗಾಳಿ ಕಡಿಮೆಯಿದೆ ಎಂದ. ಬ್ರಸೆಲ್ಸ್‌ನಲ್ಲಿ ಇಳಿದ ಮೇಲೆ ನೋಡಿದರೆ ನಿಜ! ಇಡೀ ಫ್ಲಾಂಡರ್ಸ್‌ನಲ್ಲಿ ಅವನ ಹೆಬ್ಬೆರಳಿಗೆ ಸಮನಾದ ಇನ್ನೊಂದು ಹೆಬ್ಬೆರಳು ಇರಲಿಲ್ಲ. ಟೈರನ್ನು ಒಮ್ಮೆ ಒತ್ತಿದರೆ ಸಾಕು, ಒಳಗಿನ ಗಾಳಿ ತನ್ನ ಲೆಕ್ಕವನ್ನು ತಾನೇ ಒಪ್ಪಿಸುತ್ತಿತ್ತು.

ಇಂಥವನ ಮಗಳ ಸೈಕಲ್ಲಿನ ಮುಂದಿನ ಚಕ್ರವೇ ವಾರವಾರವೂ ಕೈಕೊಡುತ್ತಿತ್ತು.

ಮಗಳು ಲೀಸ್‌ಲೊಟ್ ಸೈಕ್ಲೋಕ್ರಾಸ್ ಸ್ಪರ್ಧಿ. ಎಮ್ಮೆಗಳೂ ಹಿಂಜರಿಯುವ ಕೆಸರಿನಲ್ಲಿ ಸೈಕಲ್ ಓಡಿಸುವುದು, ಓಡದ ಕಡೆ ಹೊತ್ತು ಓಡುವುದು ಅವಳ ಕೆಲಸ. ಆರಂಭ ಚೆನ್ನಾಗಿಯೇ ಆಗುತ್ತಿತ್ತು. ಮೊದಲ ಕಡಿದಾದ ತಿರುವಿನಲ್ಲಿ ಮುಂದಿನ ಚಕ್ರ ಪುಸ್ ಎನ್ನುತ್ತಿತ್ತು. ಅವಳು ಬಿದ್ದು, ಎದ್ದು, ಸೈಕಲ್ ಬದಲಿಸುವ ಕಟ್ಟೆಯವರೆಗೆ ಅದನ್ನು ಎಳೆದುಕೊಂಡು ಹೋಗಿ ಎರಡನೆಯ ಸೈಕಲ್ ಹತ್ತುವಷ್ಟರಲ್ಲಿ ಊರೆಲ್ಲ ಮುಂದೆ ಹೋಗಿರುತ್ತಿತ್ತು. ವಿಚಿತ್ರವೆಂದರೆ ಆ ಎರಡನೆಯದಕ್ಕೆ ಏನೂ ಆಗುತ್ತಿರಲಿಲ್ಲ.

ತಂಡದ ಮುಖ್ಯಸ್ಥ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ತಿಂಗಳ ಕೊನೆಯ ಭಾನುವಾರ ಓಸ್ಟ್‌ಬೇಕೆಯಲ್ಲಿ ಮೊದಲ ಹತ್ತರೊಳಗೆ ಬರಬೇಕು, ಇಲ್ಲವಾದರೆ ಜೆರ್ಸಿ ಬಿಚ್ಚಿಕೊಟ್ಟು ಮನೆಗೆ ಹೋಗಬೇಕು.

ಸಿಟ್ಟೆಲ್ಲ ರಿಮ್ಮುಗಳ ಮೇಲೆ ಹೋಯಿತು. ಚಕ್ರ ಕಟ್ಟಿಕೊಡುತ್ತಿದ್ದವನು ಇಗ್ನಾಸ್. ಮೊದಲು ಎತ್ತರದ ಕಾರ್ಬನ್ ರಿಮ್ಮು ಕೊಟ್ಟ; ಕೆಸರನ್ನು ಚಾಕುವಿನಂತೆ ಸೀಳುತ್ತದೆ ಎಂದ. ಸೀಳಿತು, ಪುಸ್ ಎಂದಿತು. ಆಮೇಲೆ ಗಿಡ್ಡನೆಯದು ಬಂತು. ಅದೂ ಪುಸ್. ಆಗ ಗೇರೊಲ್ಫ್ ತಾನೇ ಆರಿಸಿದ, ಜಲ್ಲಿ ದಾರಿಯ ಸೈಕಲ್ಲಿನ ಅಗಲವಾದ ರಿಮ್ಮು. ಅದರ ಮೇಲೆ ಟೈರು ಎಷ್ಟು ಹರಡಿಕೊಂಡಿತೆಂದರೆ, ಆರಂಭದ ಗೆರೆಯಲ್ಲಿ ನಿಯಮದ ಮೂವತ್ತಮೂರು ಮಿಲಿಮೀಟರು ಮೀರಿದೆಯೇ ಎಂದು ತೀರ್ಪುಗಾರ ಹಿಡಿಯುವ ಅಳತೆಕಂಡಿಯೊಳಗೆ ತೂರಲೇ ಇಲ್ಲ. ಲೀಸ್‌ಲೊಟ್ ಗಡಿಬಿಡಿಯಲ್ಲಿ ಎರಡನೆಯ ಸೈಕಲ್ ತರಿಸಿಕೊಂಡು ಹೊರಟಳು. ಅಂದು ಅದೂ ಪುಸ್.

ಗೇರೊಲ್ಫ್ ಮನೆಯಲ್ಲೂ ಚಕ್ರ ಬಿಚ್ಚಿ ನೋಡಿದ್ದಕ್ಕೆ ಅಡುಗೆಮನೆಯ ಗೋಡೆಯ ಮೇಲೆಲ್ಲ, ತೂತು ಮುಚ್ಚಲೆಂದು ಟೈರಿನೊಳಗೆ ಸುರಿಯುವ ಬಿಳಿ ದ್ರವದ ಚಿತ್ತಾರ. ಇಗ್ನಾಸ್‌ನ ಷೆಡ್ಡಿನಲ್ಲಿ ದಿನವೂ ಜಗಳ.

"ರಿಮ್ಮಿನ ಅಂಚೇ ಸರಿಯಿಲ್ಲ ಕಣಯ್ಯಾ," ಎಂದ, ಒಂದು ಕಾಲದಲ್ಲಿ ತಾನೂ ಇದೇ ಕೆಸರಿನಲ್ಲಿ ಸ್ಪರ್ಧಿಸಿದ್ದ ಗೇರೊಲ್ಫ್. "ನಮ್ ಕಾಲದಲ್ಲಿ ಟೈರನ್ನ ರಿಮ್ಮಿಗೆ ಅಂಟು ಹಾಕಿ ಕೂರಿಸ್ತಿದ್ವಿ. ಎಷ್ಟೇ ಗಾಳಿ ಇಳಿಸು, ಅಲ್ಲಾಡ್ತಿರ್ಲಿಲ್ಲ. ಕೆಸರಲ್ಲಿ ಹಲ್ಲಿ ಥರ ಹಿಡ್ಕೊಳ್ಳೋದು."

"ಅದು ಅಂಟಿಸಿದ್ದು, ಚಾಂಪಿಯನ್ರೇ. ಇದು ಟ್ಯೂಬೂ ಇಲ್ಲ, ಅಂಟೂ ಇಲ್ಲ, ಬರೀ ಗಾಳಿ ಒತ್ತಡದ ಮೇಲೆ ಕೂತಿರೋದು. ಗಾಳಿ ಕಡಿಮೆ ಆದ್ರೆ ತಿರುವಲ್ಲಿ ಅಂಚು ಬಾಯಿ ಬಿಡತ್ತೆ. ಅದಕ್ಕೇ ನಾನೇ ಮೀಟರ್ ಇಟ್ಟು ತುಂಬಿಸಿ ಕಳಿಸ್ತೀನಿ."

"ಹಾಗಾದ್ರೆ ನಿನ್ ಮೀಟರ್ ಸುಳ್ಳು ಹೇಳತ್ತೆ."

"ಊರಿಗೆಲ್ಲ ನಿಜ ಹೇಳಿ ನಿಮ್ ಮಗಳಿಗೆ ಮಾತ್ರ ಸುಳ್ಳು ಹೇಳತ್ತಾ? ಅದಕ್ಕೇನು ನಿಮ್ ಮನೆ ಮೇಲೆ ಹಗೆನಾ?"

ಲೀಸ್‌ಲೊಟ್ ಕೈಯಲ್ಲಿದ್ದ ಸ್ಪಾನರನ್ನು ನೆಲಕ್ಕೆ ಕುಕ್ಕಿದಳು. "ಇಬ್ರೂ ಬಾಯಿ ಮುಚ್ಚಿ. ಇನ್ನೊಂದ್ ಮಾತಾಡಿದ್ರೆ ನನ್ ತಲೇನೂ ಪುಸ್ ಅನ್ನತ್ತೆ."

ಕೊನೆಗೆ ಅನುಮಾನ ಯೋರಿಸ್‌ನ ಮೇಲೆ ಬಂತು. ಅವನು ಎದುರಾಳಿ ತಂಡದ ಮೆಕ್ಯಾನಿಕ್. ನಮ್ಮ ಸೀಮೆಯಲ್ಲಿ ನಿಂತ ಸೈಕಲ್ಲಿನ ಟೈರು ಒತ್ತಿ ನೋಡದೆ ಯಾರೂ ಮುಂದೆ ಹೋಗುವುದಿಲ್ಲ, ಪಾದ್ರಿಯೂ ಅಷ್ಟೇ, ಆಲೂಗಡ್ಡೆ ಕರಿಯುವವಳೂ ಅಷ್ಟೇ. ಆದರೆ ಯೋರಿಸ್ ಅಗತ್ಯಕ್ಕಿಂತ ಹೆಚ್ಚು ಒತ್ತುತ್ತಾನೆ ಎಂದು ಗೇರೊಲ್ಫ್ ಎಲ್ಲರೆದುರು ಹೇಳಿದ. ಹಾಗೆಂದು ಮನಸಾರೆ ನಂಬಿಯೂ ಇದ್ದ.

ಓಸ್ಟ್‌ಬೇಕೆಯ ಆ ಭಾನುವಾರ ಇಗ್ನಾಸ್ ಮೊದಲಿನ ಎತ್ತರದ ರಿಮ್ಮುಗಳನ್ನೇ ಹಾಕಿ, ಗಾಳಿ ತುಂಬಿಸಿ, ಕರಿದ ಆಲೂಗಡ್ಡೆಯ ಪೊಟ್ಟಣ ಹಿಡಿದು ಯೋರಿಸ್‌ನ ಬೆನ್ನಹಿಂದೆ ನಿಂತುಬಿಟ್ಟ. ಗೇರೊಲ್ಫ್ ಎಂದಿನಂತೆ ಮಗಳ ಜೊತೆ ಗೆರೆಯವರೆಗೆ ಹೋದ. ಚಳಿಗೆ ಹಾಕಿಕೊಂಡ ಜಾಕೆಟ್ಟನ್ನು ಕೊನೆಯ ಗಳಿಗೆಯಲ್ಲಿ ಯಾರಾದರೂ ಇಸಿದುಕೊಳ್ಳಬೇಕಲ್ಲ. ಅವಳು ಪುಟ್ಟ ಹುಡುಗಿಯಾಗಿದ್ದಾಗಿನಿಂದ ಆ ಗೌರವ ಅವನದೇ.

ಲೀಸ್‌ಲೊಟ್ ಒಂಬತ್ತನೆಯವಳಾಗಿ ಬಂದಳು. ಚಕ್ರ ಕೊನೆಯವರೆಗೂ ಕಲ್ಲಿನಂತಿತ್ತು. ಜೆರ್ಸಿ ಉಳಿಯಿತು.

ಯೋರಿಸ್ ಹೆದರಿ ಕೈಕಟ್ಟಿ ನಿಂತ ಎಂದು ಊರು ಮಾತಾಡಿಕೊಂಡಿತು. ಇಗ್ನಾಸ್ ಮಾತ್ರ ಅವನಿಗೆ ಬಿಯರ್ ಕೊಡಿಸಿ ಕ್ಷಮೆ ಕೇಳಿದ. ಪಾಪ, ಆ ಮನುಷ್ಯ ಅಂದು ಅವಳ ಸೈಕಲ್ಲಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಹಾಗಾದರೆ ಗಾಳಿ ಅಂದು ಉಳಿದದ್ದು ಹೇಗೆ? ಊರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಗೆರೆಯಲ್ಲಿ ಜಾಕೆಟ್ಟು ಕಳಚುತ್ತಿದ್ದ ಲೀಸ್‌ಲೊಟ್, ಒಂದು ತೋಳು ಒಳಗಿರುವಾಗಲೇ ಥಟ್ಟನೆ ಬಗ್ಗಿದಳು. ಧ್ವನಿವರ್ಧಕ ಕಿವಿ ಹರಿಯುವಂತೆ ಅರಚುತ್ತಿತ್ತು. ಮುಂದಿನ ಚಕ್ರದ ವಾಲ್ವಿನ ಮೇಲೆ ಒಂದು ಉಗುರು ಕೂತಿತ್ತು. ಅದು ಒತ್ತುವ ಮೊದಲೇ ಅವಳು ಆ ಮಣಿಕಟ್ಟನ್ನು ಹಿಡಿದಳು.

"ಅಪ್ಪಾ! ನೀನಾ?"

"ಒಂದು ಉಸಿರಷ್ಟೇ ಕಣೇ... ಕೆಸರು ಜಾಸ್ತಿ ಇದೆ, ಹಿಡಿತ ಸಿಗ್ಲಿ ಅಂತ. ನಮ್ ಕಾಲದಲ್ಲಿ..."

"ಪ್ರತಿ ವಾರಾನೂ?"

ಅವಳು ಜಾಕೆಟ್ಟನ್ನು ಅಪ್ಪನ ಎದೆಗೆ ಎಸೆದಳು. "ನಡಿ ಆಚೆ."

ಆ ಮಣಿಕಟ್ಟು ನನ್ನದು. ಇಷ್ಟು ಹೊತ್ತೂ ಗೇರೊಲ್ಫ್ ಗೇರೊಲ್ಫ್ ಎಂದು ನಾನು ಕೊಂಡಾಡಿದ್ದು ನನ್ನನ್ನೇ.