ಬಲ ಹೆಗಲಿಗೆ ಹನ್ನೆರಡು ಕೆಜಿ

ಉಬ್ಬಸದವರಿಗೆಂದು ನಡೆಸುತ್ತಿದ್ದ ಆ ಕೇಂದ್ರದಲ್ಲಿ ಮೊದಲು ಇಪ್ಪತ್ತು ನಿಮಿಷ ಬೆನ್ನಿಗೆ ಕೆಂಪು ಬೆಳಕು ಬಿಡುತ್ತಿದ್ದರು, ಆಮೇಲೆ ಡಂಬೆಲ್ ಎತ್ತಿಸುತ್ತಿದ್ದರು. ಒಬ್ಬ ಹಿರಿಯರು ಮಾತ್ರ ಡಂಬೆಲ್ ಮುಟ್ಟದೆ, ಮರಳಿನ ಚೀಲವನ್ನು ಬಲ ಹೆಗಲ ಮೇಲಿಟ್ಟುಕೊಂಡು ನಡೆಯುತ್ತಿದ್ದರು. ಥೆರಪಿಸ್ಟ್ ಹುಡುಗಿ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಳು.

ಎಂಟನೇ ವಾರ ಅವರು ಎಲ್ಲೂ ನಿಲ್ಲದೆ ಇನ್ನೂರು ಹೆಜ್ಜೆ ನಡೆದರು.

"ಇವತ್ತು ಇನ್ಹೇಲರ್ ಕೂಡ ಮುಟ್ಲಿಲ್ಲ ನೀವು! ನಾಳೆಯಿಂದ ಹದಿನೈದು ಕೆಜಿ ಮಾಡೋಣ್ವಾ ಅಂಕಲ್?"

"ಬೇಡಮ್ಮ, ಹನ್ನೆರಡು ಸಾಕು. ನಾಲ್ಕು ಜನ ಹೊರೋದು. ನನ್ನ ಪಾಲಿಗೆ ಅಷ್ಟೇ ಬರುತ್ತೆ."

"ಏನನ್ನ ಹೊರೋದು?"

ಅವರು ಚೀಲ ಇಳಿಸಿ ಮುಖ ಒರೆಸಿಕೊಂಡರು.

"ಅಣ್ಣ ಹೋದಾಗ ಚಟ್ಟಕ್ಕೆ ಹೆಗಲು ಕೊಟ್ಟು ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಉಬ್ಬಸ ಬಂತು. ದಾರೀಲೇ ಇಳಿಸ್ಬೇಕಾಯ್ತು. ಈ ಸಲ ಹಾಗಾಗಬಾರದು."

"ಈ ಸಲ ಅಂದ್ರೆ?"

ಅವರು ಬಾಗಿಲ ಕಡೆ ನೋಡಿದರು. ಹೊರಗಿನ ಬೆಂಚಿನ ಮೇಲೆ, ಕೂದಲೆಲ್ಲ ಉದುರಿದ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಕೂತಿದ್ದ ಅವರ ಹೆಂಡತಿ, ಬಿಸಿನೀರಿನ ಫ್ಲಾಸ್ಕ್ ತೆರೆಯುತ್ತಾ ಕೇಳಿದರು:

"ರೀ, ಇವತ್ತು ಎಲ್ಲೂ ಇಳಿಸ್ಲಿಲ್ಲ ತಾನೇ?"