ಹೊರಳಿಸಿ ನೋಡುವ ಸಾಲು

ಹಿರೇಬಾವಿಯ ಔಷಧಮನೆಯಲ್ಲಿ ಪ್ರತಿ ರೋಗಿಗೂ ಬೇಕಾದ ಅಣುವನ್ನು ಲೆಕ್ಕ ಹಾಕಿಯೇ ಔಷಧದ ಪುಡಿ ಮಾಡುತ್ತಿದ್ದರು. ಲೆಕ್ಕದ ತಂತ್ರಾಂಶ ಊರಿನ ಎಲ್ಲರದು. ತಪ್ಪು ಔಷಧದಿಂದ ಯಾರಾದರೂ ತೀರಿಕೊಂಡರೆ, ಮನೆಯವರು ದಿವಸ ಮಾಡಿದ ಮರುದಿನ ಬಂದು, ಆ ತಪ್ಪು ಮತ್ತೆ ಆಗದಂತೆ ತಡೆಯುವ ಒಂದು ಸಾಲನ್ನು ಅದರಲ್ಲಿ ಬರೆದು ಹೋಗುವುದು ರೂಢಿ.

“ಲಗೂ ಕೊಡವ್ವಾ, ಮೊಮ್ಮಗಳ ಮೈ ಕೆಂಡ ಆಗೇತಿ,” ಎಂದ ಹುಸೇನಪ್ಪ.

ಔಷಧಮನೆಯ ಶಂಕ್ರವ್ವನಿಗೂ ಅವಸರವಿತ್ತು. ಅಣುವಿನ ಸುತ್ತ ದೊಡ್ಡ ಕಣ್ಣಿನ ಬಲೆಯಂತೆ ಬಿಂದುಗಳನ್ನು ಹರಡಿ, ಒಂದೊಂದು ಬಿಂದುವಿನಲ್ಲೂ ಸಿಕ್ಕ ಅಂಕಿಗಳನ್ನು ಕೂಡಿಸಿದ್ದಳು. ಉತ್ತರ ಚೆನ್ನಾಗಿಯೇ ಬಂದಿತ್ತು. ಆದರೆ ಅಣುವನ್ನು ಪರದೆಯ ಮೇಲೆ ಪಕ್ಕಕ್ಕೆ ಹೊರಳಿಸಿ ಮತ್ತೆ ಕೂಡಿಸದೆ ಪುಡಿ ಮಾಡುವಂತಿಲ್ಲ ಎಂದು ತಂತ್ರಾಂಶದ ಒಂದು ಸಾಲು ಹೇಳುತ್ತಿತ್ತು. ಹೊರಳಿಸಿದಳು. ಅಣು ಅದೇ, ಉತ್ತರ ಮಾತ್ರ ಬೇರೆ; ಅಂದರೆ ದೊಡ್ಡ ಕಣ್ಣುಗಳ ನಡುವೆ ಏನೋ ನುಸುಳಿಹೋಗಿತ್ತು, ಮೊದಲಿನ ಉತ್ತರ ನಂಬುವಂಥದ್ದಲ್ಲ.

“ಸಣ್ಣ ಕಣ್ಣಿನ ಬಲೆ ಹಾಕಬೇಕು, ಯಪ್ಪಾ. ಸಂಜೀತನಕ ಕಾಯಬೇಕಾಕ್ಕೈತಿ.”

“ಮೊದಲಿನ ಲೆಕ್ಕದ್ದಽ ಕೊಡು!” ಮುದುಕನ ದನಿ ಒಡೆಯಿತು. “ಆ ಸಾಲು ಬರದೋರಿಗೆ ಮಕ್ಕಳಿರಲಿಲ್ಲೇನು?”

ಶಂಕ್ರವ್ವ ಮೊದಲಿನ ಉತ್ತರವನ್ನು ಅಳಿಸಿ, ಸಣ್ಣ ಕಣ್ಣಿನ ಬಲೆಯನ್ನು ಹರಡತೊಡಗಿದಳು.

“ಬರದಾಕಿ ನಾನಽ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ. “ಒಬ್ಬ ಮಗ ಇದ್ದ.”