ಕೋವಿ ಠೇವಣಿ

ನಮ್ಮ ಬಡಾವಣೆಯಲ್ಲಿ ಪಿಸ್ತೂಲು ತೋರಿಸಿ ಬೈಕ್ ಕಸಿಯುವವರ ಕಾಟ. ನನ್ನ ಹೊಸ ಬೈಕನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ನನ್ನ ಜೋಡುನಳಿಗೆ ಕೋವಿ ಒಮ್ಮೆ ಕೆಮ್ಮಿದರೆ ಏಳು ಬೀದಿಯ ಕಿಟಕಿ ಗಾಜು ಉದುರುತ್ತಿತ್ತು.

ಚುನಾವಣೆ ಬಂತು, ಮುಗಿಯುವವರೆಗೆ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಆದೇಶವಾಯಿತು. ಇಡೀ ನಗರಕ್ಕೇ ಮೊದಲಿಗನಾಗಿ ಒಪ್ಪಿಸಿ ಬೈಕ್ ಹತ್ತಿ ಹೊರಟೆ. ತಿರುವಿನಲ್ಲಿ ಖಾಕಿ ಪ್ಯಾಂಟಿನವನೊಬ್ಬ ಕೈ ಅಡ್ಡ ಹಿಡಿದ.

"ಕೋವಿ ಕೊಟ್ರಾ ಸಾರ್?"

"ನಂದೇ ಮೊದಲ್ನೇದು ಕಣಯ್ಯ."

"ರಸೀದಿ ತೋರ್ಸಿ."

ಎದೆಯುಬ್ಬಿಸಿ ತೋರಿಸಿದೆ. ಅವನು ನಿಧಾನವಾಗಿ ಓದಿ, ಮಡಚಿ, ನನ್ನ ಜೇಬಿಗೇ ಇಟ್ಟು, ಸೊಂಟದಿಂದ ಪಿಸ್ತೂಲು ತೆಗೆದ.

"ಬೈಕ್ ಇಳೀರಿ ಸಾರ್."

"ಲೋ, ಎಲ್ರೂ ಠಾಣೆಗೆ ಒಪ್ಪಿಸ್ಬೇಕು ಅಂತ ಆದೇಶ ಇದೆಯಲ್ಲೋ."

"ಅದು ಲೈಸೆನ್ಸ್ ಇರೋರಿಗೆ ಸಾರ್."